ಊರ ಮೇಲಿನ ಮಣ್ಣಿನ ಕಟ್ಟೆ: ಕೋಡಿ ಎತ್ತರಿಸಬಹುದಾ?

ಹಳ್ಳದ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆಯ ಸಣ್ಣ ಊರು. ಊರಿನ ಮೇಲ್ಗಡೆ ಎರಡು ಗುಡ್ಡಗಳ ಮಧ್ಯೆ ಒಂದು ಮಣ್ಣಿನ ಕಟ್ಟೆ ಇದೆ. ನಮ್ಮ ತಾತನ ಕಾಲದಲ್ಲಿ ಒಂದು ರಾತ್ರಿ ಹಳ್ಳ ತುಂಬಿ ಕೆಳಬೀದಿಗೆ ನುಗ್ಗಿತ್ತಂತೆ. ದನಕರು ಕೊಚ್ಚಿಕೊಂಡು ಹೋದವು. ಆಮೇಲೆ ಊರಿನವರೇ ಮಣ್ಣು ಹೊತ್ತು ಈ ಕಟ್ಟೆ ಕಟ್ಟಿದರು. ಅದರ ತೂಬಿಗೆ, ಅಂದರೆ ಕೆಳಗಿನಿಂದ ನೀರು ಹೊರಗೆ ಬಿಡುವ ಕಿಂಡಿಗೆ, ಬಾಗಿಲೇ ಇರಲಿಲ್ಲ. ಮಳೆ ಬಂದಾಗ ಕಟ್ಟೆ ತುಂಬುತ್ತಿತ್ತು, ಎರಡು ಮೂರು ದಿನದಲ್ಲಿ ಖಾಲಿ ಆಗುತ್ತಿತ್ತು. ಚಿಕ್ಕವನಿದ್ದಾಗ ಅದರ ಅಂಗಳದಲ್ಲಿ ನಾವು ಕ್ರಿಕೆಟ್ ಆಡುತ್ತಿದ್ದೆವು.

ಆರು ವರ್ಷದ ಹಿಂದೆ ತೂಬಿಗೆ ಹಲಗೆ ಬಡಿದು ನೀರು ನಿಲ್ಲಿಸಿದರು. ಬೋರ್‌ವೆಲ್‌ಗಳಲ್ಲಿ ನೀರು ಬಂತು. ಎಲ್ಲರಿಗೂ ಖುಷಿ ಆಯಿತು, ನನಗೂ ಆಯಿತು. ಆದರೆ ಹೋದ ವರ್ಷ ಚಿತ್ತೆ ಮಳೆಯಲ್ಲಿ ಕೋಡಿ (ಕಟ್ಟೆ ತುಂಬಿದಾಗ ಹೆಚ್ಚಿನ ನೀರು ತಾನಾಗಿ ಹೊರಗೆ ಹರಿಯುವ ಜಾಗ) ಮೇಲೆ ಎಷ್ಟು ನೀರು ಹರಿಯಿತೆಂದರೆ, ಏರಿಯ, ಅಂದರೆ ಮಣ್ಣಿನ ದಂಡೆಯ, ತಲೆಗೆ ಎರಡು ಅಡಿಯೂ ಉಳಿದಿರಲಿಲ್ಲ. ಏರಿಯ ಹಿಂದೆ ಬುಡದಲ್ಲಿ ಒಂದು ಕಡೆ ಒಸರು ಶುರುವಾಗಿದೆ. ಕೆಳಬೀದಿಯ ಅಜ್ಜಿಯೊಬ್ಬರು ಮೋಡ ಕಟ್ಟಿದರೆ ಸಾಕು, ಅಕ್ಕಿ ಮೂಟೆ ಅಟ್ಟಕ್ಕೆ ಹಾಕಿಸುತ್ತಾರೆ.

ಈಗ ಕೋಡಿಯನ್ನು ಇನ್ನೂ ಒಂದು ಅಡಿ ಎತ್ತರಿಸೋಣ, ನೀರು ಜಾಸ್ತಿ ನಿಲ್ಲುತ್ತೆ ಅಂತ ಊರಲ್ಲಿ ಮಾತು ನಡೆದಿದೆ. ಮುಂದಿನ ಗ್ರಾಮಸಭೆಯಲ್ಲಿ ತೀರ್ಮಾನ. ನನಗೆ ಭಯ ಆಗುತ್ತಿದೆ. ತಿಳಿದವರು ಹೇಳಿ.

ಅಡಿಕೆ ತೋಟ

ಅಣ್ಣ, ಭಯ ಅರ್ಥ ಆಗುತ್ತೆ. ಆದರೆ ನೀರಿಲ್ಲದ ಭಯವನ್ನೂ ಸ್ವಲ್ಪ ಯೋಚಿಸಿ. ನಾನು ಪಕ್ಕದ ತಾಲ್ಲೂಕಿನವನು. ಮೂರು ಬೋರ್ ಕೊರೆಸಿದೆ, ಕೊನೆಯದು 900 ಅಡಿ, ಅದರಲ್ಲೂ ಬರೀ ಧೂಳು. ಹದಿನೈದು ವರ್ಷ ಸಾಕಿದ ಮರಗಳು ಕಣ್ಣೆದುರೇ ಒಣಗಿದವು. ನಿಮ್ಮ ಊರಿಗೆ ಒಂದು ಕಟ್ಟೆ ನೀರು ಸಿಕ್ಕಿದೆ. ಅದನ್ನು ಹಳ್ಳಕ್ಕೆ ಬಿಡಿ ಅಂತ ಹೇಳಲು ನನಗೆ ಬಾಯಿ ಬರಲ್ಲ. ಒಂದು ಅಡಿ ಎತ್ತರಿಸಿದರೆ ಏನಾಗುತ್ತೆ? ಏರಿಯನ್ನೂ ಒಂದು ಅಡಿ ಏರಿಸಿದರೆ ಆಯ್ತಲ್ವಾ?

ಹಳೇ ಇಂಜಿನಿಯರ್

ನಾನು ಸಣ್ಣ ನೀರಾವರಿ ಕೆಲಸದಲ್ಲೇ ಬದುಕು ಕಳೆದವನು, ಈಗ ನಿವೃತ್ತ. ಏನಾದರೂ ಹೇಳುವ ಮೊದಲು ಅಳತೆ ಬೇಕು. ಏರಿ ಎಷ್ಟು ಎತ್ತರ? ಕೋಡಿಯ ಉದ್ದ ಎಷ್ಟು? ಕೋಡಿಗೂ ಏರಿಯ ತಲೆಗೂ ಎಷ್ಟು ಅಂತರ? ತುಂಬಿದಾಗ ನೀರು ಎಷ್ಟು ಜಾಗಕ್ಕೆ ಹರಡುತ್ತೆ? ಎಷ್ಟು ವಿಸ್ತಾರದ ಮಳೆ ನೀರು ಇದಕ್ಕೆ ಬರುತ್ತೆ? ತೂಬಿನ ಬಾಯಿ ಎಷ್ಟು ಅಗಲ? ಟೇಪು ಹಿಡಿದು ಒಂದು ಬೆಳಗ್ಗೆ ಓಡಾಡಿ ಬನ್ನಿ.

ಒಸರಿನ ಬಗ್ಗೆ ಒಂದೇ ಪ್ರಶ್ನೆ. ಬರುವ ನೀರು ತಿಳಿಯಾಗಿದೆಯಾ, ಕದಡಿದೆಯಾ?

ಹಳ್ಳದ ದಂಡೆ

ಸರ್, ಇವತ್ತು ನಾನೂ ನನ್ನ ತಮ್ಮನೂ ಹೋಗಿ ಅಳೆದೆವು. ಏರಿ ಮಧ್ಯದಲ್ಲಿ 6 ಮೀಟರ್. ಕೋಡಿ ಉದ್ದ 20 ಮೀಟರ್. ಕೋಡಿಯಿಂದ ಏರಿಯ ತಲೆಗೆ ಒಂದೂವರೆ ಮೀಟರ್. ತುಂಬಿದಾಗ ಸುಮಾರು 20 ಹೆಕ್ಟೇರ್ ಮುಳುಗುತ್ತೆ. ಮೇಲಿನ ಗುಡ್ಡ, ಹೊಲ ಎಲ್ಲ ಸೇರಿ 4 ಚದರ ಕಿಲೋಮೀಟರ್ ನೀರು ಇದಕ್ಕೇ ಇಳಿಯುತ್ತೆ ಅಂತ ನಕ್ಷೆ ನೋಡಿ ಲೆಕ್ಕ ಹಾಕಿದೆ. ತೂಬು ಎರಡು ಅಡಿ ಅಗಲದ ದುಂಡು ಪೈಪು.

ಒಸರು ಈಗ ತಿಳಿಯಾಗಿದೆ. ಮಳೆಗಾಲದಲ್ಲಿ ಹೇಗಿತ್ತು ಅಂತ ಯಾರೂ ಗಮನಿಸಿಲ್ಲ.

ಹಳೇ ಇಂಜಿನಿಯರ್

ಒಳ್ಳೆ ಕೆಲಸ ಮಾಡಿದ್ದೀರಿ. ಈಗ ನಿಧಾನವಾಗಿ ಓದಿ, ಗ್ರಾಮಸಭೆಯಲ್ಲಿ ಇದನ್ನೇ ಹೇಳಿ.

ಮೊದಲು ಕೋಡಿ. ಕೋಡಿಗೂ ಏರಿಯ ತಲೆಗೂ ಒಂದೂವರೆ ಮೀಟರ್ ಇದೆ ಅಂದಿರಿ. ಅದರಲ್ಲಿ ಅರ್ಧ ಮೀಟರ್ ಅಲೆಗೆ, ಗಾಳಿಗೆ ಅಂತ ಬಿಡಲೇಬೇಕು. ಉಳಿದದ್ದು 1 ಮೀಟರ್. 20 ಮೀಟರ್ ಉದ್ದದ ಕೋಡಿಯ ಮೇಲೆ 1 ಮೀಟರ್ ಎತ್ತರಕ್ಕೆ ನೀರು ಹರಿದರೆ ಸುಮಾರು 1,200 ಕ್ಯೂಸೆಕ್, ಅಂದರೆ ಸೆಕೆಂಡಿಗೆ 1,200 ಘನ ಅಡಿ, ಹೊರಗೆ ಹೋಗುತ್ತದೆ. ಕೋಡಿಯನ್ನು ಒಂದು ಅಡಿ ಎತ್ತರಿಸಿದಿರಿ ಅಂತಿಟ್ಟುಕೊಳ್ಳಿ. ಈಗ ಹರಿಯಲು ಉಳಿದದ್ದು 70 ಸೆಂಟಿಮೀಟರ್. ಹೊರಗೆ ಹೋಗುವ ನೀರು ಸುಮಾರು 700 ಕ್ಯೂಸೆಕ್‌ಗೆ ಇಳಿಯುತ್ತದೆ. ಅಂದರೆ ಒಂದು ಅಡಿ ನೀರಿನ ಆಸೆಗೆ ಕೋಡಿಯ ಶಕ್ತಿ ನೂರಕ್ಕೆ ನಲವತ್ತರಷ್ಟು ಹೋಯಿತು. ಹೋಗದೆ ಉಳಿದ ನೀರು ಏರಿ ಹತ್ತುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಅದು ಕೆಲವೇ ಗಂಟೆಗಳಲ್ಲಿ ಕೊರೆದುಹೋಗಬಹುದು. ಕಲ್ಲಿನ ಅಣೆಕಟ್ಟು ತಲೆ ಮೇಲೆ ನೀರು ಹರಿದರೂ ತಡೆದುಕೊಂಡೀತು. ಮಣ್ಣು ತಡೆಯಲ್ಲ.

ಅಡಿಕೆ ತೋಟದವರು ಏರಿಯನ್ನೂ ಎತ್ತರಿಸಿದರೆ ಆಯ್ತಲ್ವಾ ಅಂದರು. ತಲೆ ಮೇಲೆ ಸುಮ್ನೆ ಮಣ್ಣು ಸುರಿದರೆ ಆಗಲ್ಲ. ಎತ್ತರ ಜಾಸ್ತಿ ಆದರೆ ಬುಡವೂ ಅಗಲ ಆಗಬೇಕು. ಹಿಂದಿನ ಇಳಿಜಾರಿಗೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಹೊಸ ಮಣ್ಣನ್ನು ಹದವಾಗಿ ನೆನೆಸಿ, ಪದರ ಪದರವಾಗಿ ರೋಲರ್ ಹೊಡೆಯಬೇಕು. ಇಲ್ಲದಿದ್ದರೆ ಹಳೆ ಮಣ್ಣು ಹೊಸ ಮಣ್ಣಿನ ನಡುವೆಯೇ ನೀರು ದಾರಿ ಮಾಡಿಕೊಳ್ಳುತ್ತದೆ. ಅದರಲ್ಲೂ ಈಗಾಗಲೇ ಒಸರು ಇರುವ ಏರಿ.

ಎರಡನೆಯದು ನಿಮ್ಮ ತಾತಂದಿರ ಬುದ್ಧಿ. ನೂರು ಮಿಲಿಮೀಟರ್ ಮಳೆ ಒಂದು ರಾತ್ರಿ ಬಿತ್ತು ಅನ್ನಿ. 4 ಚದರ ಕಿಲೋಮೀಟರ್ ಮೇಲೆ ಅದು 4 ಲಕ್ಷ ಘನಮೀಟರ್ ನೀರು. ನೆಲ ಅರ್ಧ ಕುಡಿದರೆ ಇನ್ನರ್ಧ, ಅಂದರೆ 2 ಲಕ್ಷ ಘನಮೀಟರ್, ಹಳ್ಳಕ್ಕೆ ಬರುತ್ತದೆ. ನಿಮ್ಮ ಕಟ್ಟೆಯಲ್ಲಿ ಕೋಡಿಯ ಕೆಳಗಿನ ಮೊದಲ ಒಂದು ಮೀಟರ್ ಜಾಗದಲ್ಲೇ 2 ಲಕ್ಷಕ್ಕೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಆ ಜಾಗ ಖಾಲಿ ಇದ್ದಿದ್ದರೆ ಅಷ್ಟೂ ನೀರು ಅಲ್ಲೇ ನಿಂತು, ತೂಬಿನಿಂದ ನಲವತ್ತು ಐವತ್ತು ಕ್ಯೂಸೆಕ್‌ನಂತೆ ಇಳಿಯುತ್ತಿತ್ತು. ಎರಡು ಮೂರು ದಿನ ಹಳ್ಳ ಮೊಣಕಾಲುದ್ದ ಹರಿಯುತ್ತಿತ್ತು, ಅಷ್ಟೇ. ಕಟ್ಟೆ ಮೊದಲೇ ತುಂಬಿದ್ದರೆ? ಬಂದದ್ದೆಲ್ಲ ಕೋಡಿ ಹಾರಿ ನೇರ ಕೆಳಬೀದಿಗೆ.

ನಿಮ್ಮ ಕಟ್ಟೆಯ ಕೆಲಸ ನೀರು ಇಟ್ಟುಕೊಳ್ಳುವುದಾಗಿರಲಿಲ್ಲ. ಖಾಲಿ ಇರುವುದೇ ಅದರ ಕೆಲಸವಾಗಿತ್ತು.

ನೀರುಗಂಟಿ ಮೊಮ್ಮಗಳು

ಸರ್ ಹೇಳಿದ್ದು ಓದಿ ನಮ್ಮ ತಾತ ನೆನಪಾದರು. ಅವರು ನಮ್ಮೂರ ಕೆರೆಯ ನೀರುಗಂಟಿ. ಓದು ಬರಹ ಇರಲಿಲ್ಲ. ಉತ್ತರೆ ಮಳೆಗೆ ಮೊದಲು ಕೆರೆ ತುಂಬಿದ್ದರೆ ತೂಬು ಎತ್ತಿ ಒಂದಾಳು ಮಟ್ಟ ಇಳಿಸುತ್ತಿದ್ದರು. ಗದ್ದೆಯವರು ಬೈದರೂ ಕೇಳುತ್ತಿರಲಿಲ್ಲ. "ಬರೋ ಮಳೆಗೆ ಜಾಗ ಬೇಡ್ವೇನ್ರೋ" ಅನ್ನುತ್ತಿದ್ದರು.

ಜೋರು ಮಳೆಯ ರಾತ್ರಿ ಲಾಟೀನು ಹಿಡಿದು ಏರಿಯ ಹಿಂದೆ, ಬುಡದಲ್ಲಿ ನಡೆಯುತ್ತಿದ್ದರು. ಏರಿ ಮೇಲೆ ಅಲ್ಲ. ಮೇಲೆ ನಡೆದರೆ ನೀರು ಮಾತ್ರ ಕಾಣುತ್ತದೆ, ಏರಿಯ ಕಾಯಿಲೆ ಕಾಣುವುದು ಬುಡದಲ್ಲಿ. ಬರಿಗಾಲಲ್ಲಿ ಹೋಗುತ್ತಿದ್ದರು. ನೆಲ ಎಲ್ಲಿ ಮೆತ್ತಗೆ ಆಗಿದೆ, ಎಲ್ಲಿ ತಣ್ಣಗಿದೆ ಅಂತ ಕಾಲಿಗೇ ಗೊತ್ತಾಗುತ್ತಿತ್ತು. ನಾನು ಒಂದೆರಡು ಸಲ ಜೊತೆಗೆ ಹೋಗಿದ್ದೇನೆ. ಒಸರು ಕಂಡಲ್ಲಿ ಬೊಗಸೆಯಲ್ಲಿ ನೀರು ಹಿಡಿದು ಲಾಟೀನಿನ ಬೆಳಕಿಗೆ ನೋಡುತ್ತಿದ್ದರು. ತಿಳಿ ಇದ್ದರೆ ಮುಂದೆ ಹೋಗುತ್ತಿದ್ದರು. ಕದಡಿದ್ದರೆ ಊರು ಎಬ್ಬಿಸುತ್ತಿದ್ದರು.

ಅಣ್ಣ, ನೀವು ಒಂದು ಬಾಟಲಿ ಇಟ್ಟುಕೊಳ್ಳಿ. ಬಿಳಿ ಗಾಜಿನದು. ವಾರಕ್ಕೊಮ್ಮೆ ಒಸರಿನ ನೀರು ಹಿಡಿದು ಒಂದು ರಾತ್ರಿ ಬಿಡಿ. ತಳದಲ್ಲಿ ಮಣ್ಣು ಕೂತರೆ ಏರಿಯ ಒಳಗಿನ ಮಣ್ಣು ಹೊರಗೆ ಬರುತ್ತಿದೆ ಅಂತ. ಮಳೆಗಾಲದಲ್ಲಿ ದಿನಾ ನೋಡಿ.

ಇನ್ನೊಂದು ವಿಷಯ. ಏರಿ ಮೇಲೆ ಜಾಲಿ ಬೆಳೆದಿದೆಯಾ?

ಹಳ್ಳದ ದಂಡೆ

ಜಾಲಿ ಕಾಡೇ ಇದೆ ಅಕ್ಕಾ. ಅದರ ಜೊತೆ ಇನ್ನೊಂದು ಹೇಳಲೇಬೇಕು. ಏರಿ ಕೊರೆದು ಎರಡು ಪಂಪಿನ ಪೈಪು ಹಾಯಿಸಿದ್ದಾರೆ. ಅದರಲ್ಲಿ ಒಂದು ನಮ್ಮ ಚಿಕ್ಕಪ್ಪನದೇ. ಒಸರು ಇರುವುದು ಆ ಪೈಪಿನಿಂದ ಹತ್ತು ಹೆಜ್ಜೆ ದೂರದಲ್ಲಿ. ಇವತ್ತಿನವರೆಗೂ ಎರಡನ್ನೂ ಸೇರಿಸಿ ಯೋಚಿಸಿರಲಿಲ್ಲ.

ಹಳೇ ಇಂಜಿನಿಯರ್

ಪೈಪಿನ ಮೈಗೂ ಮಣ್ಣಿಗೂ ನಡುವೆ ಸರಿಯಾಗಿ ಹಿಡಿತ ಸಿಗಲ್ಲ. ನೀರು ಆ ಸಂದಿನಲ್ಲೇ ನುಗ್ಗುತ್ತದೆ. ಏರಿ ಒಡೆಯಲು ಮುಖ್ಯವಾಗಿ ಎರಡು ದಾರಿ. ಒಂದು, ನೀರು ತಲೆ ಹತ್ತಿ ಹರಿಯುವುದು. ಇನ್ನೊಂದು, ಒಳಗೇ ಕೊರೆದು ಸುರಂಗ ಮಾಡುವುದು. ಪೈಪು, ಹಳೆ ತೂಬಿನ ಪಕ್ಕ, ಸತ್ತು ಕೊಳೆತ ಮರದ ಬೇರು, ಹೆಗ್ಗಣದ ಬಿಲ, ಏಡಿ ಬಿಲ, ಇವೆಲ್ಲ ಎರಡನೆಯದಕ್ಕೆ ಬಾಗಿಲು.

ಜಾಲಿಯನ್ನು ಜೆಸಿಬಿ ತಂದು ಬೇರು ಸಮೇತ ಎಳೆಸಬೇಡಿ, ಅದರಲ್ಲೂ ಕಟ್ಟೆ ತುಂಬಿದ್ದಾಗ. ಬೇಸಿಗೆಯಲ್ಲಿ ನೀರು ಇಳಿಸಿ, ಸಣ್ಣ ಗಿಡಗಳನ್ನು ಕೀಳಿ. ದೊಡ್ಡದನ್ನು ತೆಗೆದರೆ ಗುಂಡಿಯನ್ನು ಅಗೆದು, ಬೇರು ಬಿಡಿಸಿ, ಒಳ್ಳೆ ಮಣ್ಣು ಪದರ ಪದರವಾಗಿ ದಮ್ಮಸು ಮಾಡಿ ಮುಚ್ಚಬೇಕು. ಆಮೇಲೆ ಗರಿಕೆ ಬೆಳೆಸಿ. ಏರಿಗೆ ಗರಿಕೆಗಿಂತ ಒಳ್ಳೆ ಹೊದಿಕೆ ಇಲ್ಲ.

ಒಸರು ಕದಡಿದರೆ ಜನ ಮಾಡುವ ತಪ್ಪು ಒಂದಿದೆ. ಹಿಂದಿನಿಂದ ಜೇಡಿಮಣ್ಣು ತಂದು ಬಾಯಿ ಮುಚ್ಚುತ್ತಾರೆ. ಮುಚ್ಚಿದ ನೀರು ಒಳಗೇ ಒತ್ತಡ ಹಾಕಿ ಬೇರೆ ಕಡೆ ಸಿಡಿಯುತ್ತದೆ. ಅದರ ಬದಲು ಅಲ್ಲಿ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲಿನ ಭಾರ ಹಾಕಿ. ನೀರು ಹೋಗಲಿ, ಮಣ್ಣು ಮಾತ್ರ ಹೋಗಬಾರದು. ಜೊತೆಗೆ ತೂಬು ತೆರೆದು ಮಟ್ಟ ಇಳಿಸಿ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 2022ರ ಆಗಸ್ಟ್‌ನಲ್ಲಿ ಕಾರಂ ಅಣೆಕಟ್ಟು ಸೋರಲು ಶುರುವಾದಾಗ ಪಕ್ಕದಲ್ಲಿ ಕಾಲುವೆ ಕಡಿದು ನೀರು ಇಳಿಸಿದರು. ಕೆಳಗಿನ ಹದಿನೆಂಟು ಊರುಗಳನ್ನು ಮೊದಲೇ ಖಾಲಿ ಮಾಡಿಸಿದ್ದರು. ಜೀವ ಉಳಿದವು.

ನಮ್ಮ ಹಿಂದಿನವರಿಗೆ ಇದೆಲ್ಲ ಗೊತ್ತಿತ್ತು. ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ ಶಾಸನ 1369ರದು. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ. ಅದರಲ್ಲಿ ಒಳ್ಳೆ ಕೆರೆಗೆ ಹನ್ನೆರಡು ಅಂಗ, ಕೆಟ್ಟ ಕೆರೆಗೆ ಆರು ದೋಷ ಅಂತ ಬರೆದಿದ್ದಾರೆ. ಏರಿಯಿಂದ ನೀರು ಒಸರುವುದೇ ಮೊದಲ ದೋಷ. ಜಾಗ ಸ್ವಲ್ಪ, ಬರುವ ನೀರು ಜಾಸ್ತಿ, ಇದೂ ಆ ಆರರಲ್ಲಿ ಒಂದು. ನಿಮ್ಮ ಕಟ್ಟೆಗೆ ಈಗ ಎರಡೂ ಅಂಟಿವೆ.

ಒಕ್ಲಹೋಮಾ ಕನ್ನಡಿಗ

ನಾನು ಹಾಸನದ ಕಡೆಯವನು. ಹನ್ನೊಂದು ವರ್ಷದಿಂದ ಅಮೆರಿಕದ ಒಕ್ಲಹೋಮಾದಲ್ಲಿದ್ದೇನೆ. ನಿಮ್ಮ ಬಾಗಿಲಿಲ್ಲದ ತೂಬಿನ ಕಥೆ ಓದಿ ಮೈ ಜುಂ ಅಂತು. ಇಲ್ಲಿ ಹೊಲಗಳ ಮಧ್ಯೆ ಕಾರಿನಲ್ಲಿ ಹೋದರೆ ಇಂಥದೇ ಮಣ್ಣಿನ ಕಟ್ಟೆಗಳು ಎಲ್ಲೆಲ್ಲೂ ಕಾಣುತ್ತವೆ.

ಇಲ್ಲಿನ ವಾಶಿಟಾ ನದಿ 1934ರ ಏಪ್ರಿಲ್‌ನಲ್ಲಿ ಹ್ಯಾಮನ್ ಎಂಬ ಊರಿನ ಹತ್ತಿರ ಉಕ್ಕಿ 17 ಜನ ಸತ್ತರು. ದೊಡ್ಡ ನದಿಗೆ ಒಂದು ದೊಡ್ಡ ಅಣೆಕಟ್ಟು ಕಟ್ಟುವ ಬದಲು, ಅದಕ್ಕೆ ನೀರು ತರುವ ಹಳ್ಳಗಳಿಗೇ ಸಣ್ಣ ಸಣ್ಣ ಕಟ್ಟೆ ಹಾಕೋಣ ಅಂತ ಆಮೇಲೆ ತೀರ್ಮಾನ ಆಯಿತು. ಮೊದಲನೆಯದು ಕ್ಲೌಡ್ ಚೀಫ್ ಎಂಬಲ್ಲಿ 1948ರಲ್ಲಿ ಮುಗಿಯಿತು. 1954ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಇವತ್ತು ಈ ಒಂದು ರಾಜ್ಯದಲ್ಲೇ 2,107 ಇವೆ, ದೇಶದಲ್ಲಿ ಹನ್ನೆರಡು ಸಾವಿರದ ಹತ್ತಿರ.

ನಿಮಗೆ ಕೆಲಸಕ್ಕೆ ಬರುವ ವಿಷಯ ಅವುಗಳ ತೂಬು. ಏರಿಯ ಮುಂದೆ, ನೀರಿನೊಳಗೆ, ಬಾವಿಯ ಕಟ್ಟೆಯಂತೆ ಒಂದು ಕಾಂಕ್ರೀಟ್ ಗೋಪುರ ನಿಂತಿರುತ್ತದೆ. ಅದರ ಬುಡದಿಂದ ಪೈಪು ಏರಿಯ ಅಡಿಯಲ್ಲಿ ಹಿಂದಕ್ಕೆ ಹೋಗುತ್ತದೆ. ಗೋಪುರದ ಬಾಯಿ ಎಷ್ಟು ಎತ್ತರದಲ್ಲಿದೆಯೋ ಅಷ್ಟು ನೀರು ಯಾವಾಗಲೂ ನಿಲ್ಲುತ್ತದೆ. ದನ ಕುಡಿಯುತ್ತವೆ, ಹುಡುಗರು ಮೀನು ಹಿಡಿಯುತ್ತಾರೆ. ಅದಕ್ಕಿಂತ ಮೇಲೆ ಬಂದ ನೀರು ಯಾರ ಅಪ್ಪಣೆಯೂ ಇಲ್ಲದೆ ತಾನಾಗಿ ಇಳಿದು ಹೋಗುತ್ತದೆ. ಬಾಗಿಲಿಲ್ಲ, ಕಾವಲಿಲ್ಲ. ರಾತ್ರಿ ಎರಡು ಗಂಟೆಗೆ ಮಳೆ ಬಂದರೂ ಯಾರೂ ಏಳಬೇಕಾಗಿಲ್ಲ. ಸುಮಾರು ಹತ್ತು ದಿನದಲ್ಲಿ ಮೇಲಿನ ಜಾಗ ಮತ್ತೆ ಖಾಲಿ. ತೀರಾ ದೊಡ್ಡ ಮಳೆಗೆ ಏರಿಯ ಪಕ್ಕ, ಗಟ್ಟಿ ನೆಲದಲ್ಲಿ, ಹುಲ್ಲು ಬೆಳೆಸಿದ ಅಗಲವಾದ ಕೋಡಿ.

ಇಲ್ಲಿನ ತೊಂದರೆಯನ್ನೂ ಹೇಳುತ್ತೇನೆ. ತುಂಬಾ ಕಟ್ಟೆಗಳನ್ನು ಐವತ್ತು ವರ್ಷ ಬಾಳಲಿ ಅಂತ ಕಟ್ಟಿದ್ದು. ಆ ಐವತ್ತು ಮುಗಿದಿದೆ. ಹೂಳು ತುಂಬಿದೆ, ಪೈಪು ತುಕ್ಕು ಹಿಡಿದಿವೆ. ಕಟ್ಟುವಾಗ ಕೆಳಗೆ ಬರೀ ಹೊಲ ಇತ್ತು, ಈಗ ಮನೆಗಳು ಎದ್ದಿವೆ. ಕಟ್ಟೆ ಇದೆ ಎಂಬ ಧೈರ್ಯಕ್ಕೇ ಜನ ಕಟ್ಟೆಯ ಕೆಳಗೆ ಮನೆ ಕಟ್ಟುತ್ತಾರೆ. 2000ದಲ್ಲಿ ದುರಸ್ತಿಗೆ ಅಂತಲೇ ಇನ್ನೊಂದು ಕಾನೂನು ಮಾಡಬೇಕಾಯಿತು.

ಅಡಿಕೆ ತೋಟ

ಈ ಗೋಪುರದ ವಿಷಯ ನನಗೆ ಹಿಡಿಸಿತು. ನಾನು ಮೊದಲು ಬರೆದಾಗ ಎರಡೇ ದಾರಿ ಅಂದುಕೊಂಡಿದ್ದೆ, ಪೂರ್ತಿ ತುಂಬಿಸುವುದು, ಇಲ್ಲಾ ಪೂರ್ತಿ ಖಾಲಿ ಬಿಡುವುದು. ಕೆಳಗಿನ ಅರ್ಧ ರೈತರಿಗೆ, ಮೇಲಿನ ಅರ್ಧ ಮಳೆಗೆ. ಹೀಗಾದರೆ ಯಾವ ರೈತನೂ ಬೇಡ ಅನ್ನಲ್ಲ.

ಸರ್, ಹೂಳು ತೆಗೆದರೆ ಕೆಳಗಿನ ಅರ್ಧದಲ್ಲೇ ನೀರು ಜಾಸ್ತಿ ಹಿಡಿಯುತ್ತಲ್ವಾ? ಆ ಗೋಡು ತೋಟಕ್ಕೂ ಒಳ್ಳೇದು.

ಹಳೇ ಇಂಜಿನಿಯರ್

ಖಂಡಿತ. ಕೋಡಿ ಎತ್ತರಿಸುವ ಬದಲು ಅಂಗಳ ಆಳ ಮಾಡಿ. ಆದರೆ ಏರಿಯ ಬುಡದ ಹತ್ತಿರ ಒಂದು ಬುಟ್ಟಿ ಮಣ್ಣೂ ತೆಗೆಯಬಾರದು. ಟ್ರಾಕ್ಟರಿಗೆ ಹತ್ತಿರ ಅಂತ ಎಲ್ಲರೂ ಅಲ್ಲೇ ಅಗೆಯುತ್ತಾರೆ. ಏರಿಯ ಕಾಲೇ ಕಡಿದಂತೆ ಅದು. ಕಟ್ಟೆಯ ನಡುವೆ, ಏರಿಯಿಂದ ಚೆನ್ನಾಗಿ ದೂರ ಅಗೆಯಿರಿ.

ಕೋಡಿಗೆ ಏನಾದರೂ ಮಾಡಲೇಬೇಕು ಅಂದರೆ ಉದ್ದ ಮಾಡಿ.

ಕೋಲಾರದವನು

ಇದುವರೆಗೂ ಸುಮ್ನೆ ಓದುತ್ತಿದ್ದೆ. 2021ರ ನವೆಂಬರ್ ಮಳೆ ನಮ್ಮ ಕಡೆಯವರು ಮರೆಯಲ್ಲ. ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಒಂದೇ ಸಲ ಕೋಡಿ ಬಿದ್ದವು. ಜನ ಬಾಗಿನ ಬಿಟ್ಟರು, ಕೋಡಿ ಮುಂದೆ ಫೋಟೋ ತೆಗೆಸಿಕೊಂಡರು. ನಾನೂ ಹೋಗಿದ್ದೆ. ನಮ್ಮ ಮೇಲಿನ ಊರಿನ ಸಣ್ಣ ಕುಂಟೆಯೊಂದು ಒಡೆದಿದ್ದು ಅದೇ ವಾರ. ಕೋಡಿಹಳ್ಳವನ್ನು ಒತ್ತಿ ರಾಗಿ ಹಾಕಿದ್ದರು. ನೀರಿಗೆ ದಾರಿ ಸಿಗಲಿಲ್ಲ. ಮೊದಲು ಏರಿಯ ತಲೆಯಿಂದ ಒಂದು ಅಂಗೈ ಅಗಲದ ನೀರು ಹಿಂದಕ್ಕೆ ಇಳಿಯಿತು. ನಾಲ್ಕು ಮೂಟೆ ಮಣ್ಣು ಹಾಕಿದರೆ ನಿಲ್ಲುತ್ತೆ ಅಂದುಕೊಂಡೆವು. ಮೂಟೆ ತರುವಷ್ಟರಲ್ಲಿ ಎತ್ತಿನ ಗಾಡಿ ಹೋಗುವಷ್ಟು ಅಗಲ ಆಗಿತ್ತು. ನಮ್ಮ ಪುಣ್ಯ, ಹಗಲು ಹೊತ್ತು.

ಅದೇ ನವೆಂಬರ್ 19ಕ್ಕೆ ಪಕ್ಕದ ಆಂಧ್ರದ ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟಿನ ಮಣ್ಣಿನ ಏರಿ ಕೊಚ್ಚಿಹೋಯಿತು. ಮೇಲಿನ ಪಿಂಚ ಯೋಜನೆಯ ಮಣ್ಣಿನ ದಂಡೆ ಮೊದಲು ಹೋಗಿತ್ತು. ಮೇಲಿನದು ಒಡೆದರೆ ಕೆಳಗಿನದಕ್ಕೆ ಎರಡು ಪಾಲು ನೀರು. ನಮ್ಮ ಕೆರೆಗಳು ಎಲ್ಲವೂ ಸರಣಿ ಅಲ್ವಾ? ಒಂದರ ಕೋಡಿ ಇನ್ನೊಂದರ ಅಂಗಳಕ್ಕೆ.

ಮಹಾರಾಷ್ಟ್ರದ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆಯಿತು. ಅದೂ ಸಣ್ಣದು, ಅದೂ ಮಣ್ಣಿನದು. ಸೋರುತ್ತಿದೆ ಅಂತ ಊರಿನವರು ಮೊದಲೇ ದೂರು ಕೊಟ್ಟಿದ್ದರು. ಸುಮಾರು ಇಪ್ಪತ್ತು ಜೀವ ಹೋದವು. ಅಣ್ಣ, ನಿಮ್ಮ ಒಸರನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

ಪಂಚಾಯ್ತಿ ಸದಸ್ಯೆ

ನಾನು ಬೇರೆ ಜಿಲ್ಲೆಯ ಒಂದು ಗ್ರಾಮ ಪಂಚಾಯ್ತಿಯಲ್ಲಿದ್ದೇನೆ. ಇಂಥ ಕಟ್ಟೆ ಯಾರ ಜವಾಬ್ದಾರಿ ಎಂಬುದೇ ಮೊದಲ ಜಗಳ. 2021ರ ಅಣೆಕಟ್ಟು ಸುರಕ್ಷತೆ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ. 10ರಿಂದ 15 ಮೀಟರಿನವು ಕೆಲವು ಷರತ್ತಿನ ಮೇಲೆ ಸೇರುತ್ತವೆ. 6 ಮೀಟರ್ ಕಟ್ಟೆ ಅದರೊಳಗೆ ಬರಲ್ಲ. ಅಚ್ಚುಕಟ್ಟು (ಕೆರೆ ನೀರುಣಿಸುವ ಜಮೀನು) 40 ಹೆಕ್ಟೇರ್‌ಗಿಂತ ಜಾಸ್ತಿ ಇರುವ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಕಡಿಮೆ ಇರುವುದು ಪಂಚಾಯತ್ ವ್ಯವಸ್ಥೆಗೆ. ನಿಮ್ಮದಕ್ಕೆ ಅಚ್ಚುಕಟ್ಟೇ ಇಲ್ಲ.

ಅದಕ್ಕೇ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಒಸರಿನ ಫೋಟೋ, ಈ ಅಳತೆ, ಸರ್ ಹಾಕಿದ ಲೆಕ್ಕ, ಎಲ್ಲ ಬರೆದು ಅರ್ಜಿ ಕೊಡಿ. ಇಂಜಿನಿಯರ್ ಬಂದು ಸ್ಥಳ ನೋಡಲಿ ಎಂದು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗಲಿ. ಕೆಳಬೀದಿಯ ಹೆಂಗಸರನ್ನು ಕರೆದುಕೊಂಡು ಹೋಗಿ. ಅವರ ಮಾತಿಗೆ ಯಾರೂ ಎದುರು ಹೇಳಲ್ಲ, ನೀರು ಬರುವುದು ಅವರ ಒಲೆಗೆ.

ಹಳ್ಳದ ದಂಡೆ (ಐದು ವಾರದ ನಂತರ)

ತಡವಾಯಿತು, ಕ್ಷಮಿಸಿ. ಗ್ರಾಮಸಭೆ ಆಯಿತು. ಮೊದಲು ತುಂಬಾ ಗಲಾಟೆ. ನಾನು 1,200, 700 ಕ್ಯೂಸೆಕ್ ಲೆಕ್ಕವನ್ನು ಬೋರ್ಡ್ ಮೇಲೆ ಬರೆದೆ. ಯಾರಿಗೂ ಅಷ್ಟಾಗಿ ಹತ್ತಲಿಲ್ಲ. ಆಮೇಲೆ ಕೆಳಬೀದಿಯ ಅಜ್ಜಿ ಎದ್ದು ನಿಂತು, ಆ ರಾತ್ರಿ ತಮ್ಮ ತಾಯಿ ಹುಣಸೆ ಮರ ಹತ್ತಿ ಬೆಳಗಿನವರೆಗೂ ಕೂತಿದ್ದನ್ನು ಹೇಳಿದರು. ಅವರ ಗಂಡನೂ ಆ ಏರಿಗೆ ಮಣ್ಣು ಹೊತ್ತವರು. "ತೂಬಿಗೆ ಬಾಗಿಲು ಇಡಬ್ಯಾಡಿ ಅಂತ ಅವತ್ತೇ ಮಾತಾಗಿತ್ತು" ಅಂದರು. ಅಲ್ಲಿ ಕೂತಿದ್ದ ಅರ್ಧ ಜನಕ್ಕೆ ಈ ವಿಷಯವೇ ಗೊತ್ತಿರಲಿಲ್ಲ. ನನಗೂ ಅಷ್ಟು ವಿವರ ಗೊತ್ತಿರಲಿಲ್ಲ.

ಕೋಡಿ ಎತ್ತರಿಸುವ ಮಾತು ಬಿಟ್ಟರು. ಹಲಗೆಯನ್ನು ಸದ್ಯಕ್ಕೆ ಅರ್ಧಕ್ಕೆ ಇಳಿಸಿದ್ದೇವೆ. ಕೋಡಿಯಿಂದ ಕೆಳಗೆ 2 ಮೀಟರ್ ಜಾಗ ಖಾಲಿ ಇದೆ. ಗೋಪುರದ ಯೋಜನೆಗೆ ಅರ್ಜಿ ಹೋಗಿದೆ. ಇಂಜಿನಿಯರ್ ಒಂದು ಸಲ ಬಂದು ನೋಡಿಕೊಂಡು ಹೋಗಿದ್ದಾರೆ. ಚಿಕ್ಕಪ್ಪನ ಪೈಪಿನ ವಿಷಯ ಮನೆಯಲ್ಲಿ ಕಷ್ಟ ಆಯಿತು. ಹದಿನೈದು ದಿನ ಮಾತಾಡಲಿಲ್ಲ ಅವರು. ಮೊನ್ನೆ ತಾವೇ ಬಂದು, ಬೇಸಿಗೆಗೆ ತೆಗೆದು ಏರಿ ಸುತ್ತಿಕೊಂಡು ಹೋಗುವ ಹಾಗೆ ಹಾಕಿಸುತ್ತೇನೆ ಅಂದರು.

ಹೋದ ಗುರುವಾರ ರಾತ್ರಿ ಜೋರು ಮಳೆ. ನಾನೂ ತಮ್ಮನೂ ಟಾರ್ಚ್ ಹಿಡಿದು ಏರಿಯ ಹಿಂದೆ, ಬುಡದಲ್ಲೇ ನಡೆದೆವು. ಬೆಳಗ್ಗೆ ಹೊತ್ತಿಗೆ ಕಟ್ಟೆಯ ನೀರು ಒಂದು ಮೀಟರಿಗಿಂತ ಮೇಲೆ ಏರಿತ್ತು. ಕೋಡಿ ಬೀಳಲಿಲ್ಲ. ಹಳ್ಳದಲ್ಲಿ ಮೊಣಕಾಲುದ್ದ ನೀರು, ಶನಿವಾರ ಸಂಜೆಗೆ ಅದೂ ಇಳಿಯಿತು.

ನೀರುಗಂಟಿ ಮೊಮ್ಮಗಳು

ಓದಿ ಕಣ್ಣು ತುಂಬಿತು ಅಣ್ಣ. ಬಾಟಲಿ ಹಿಡಿದಿರಾ?

ಹಳ್ಳದ ದಂಡೆ

ಹಿಡಿದೆ ಅಕ್ಕಾ. ಮಳೆಯ ರಾತ್ರಿಯದು ಒಂದು, ಮಾರನೇ ದಿನದ್ದು ಒಂದು. ಎರಡೂ ಕಿಟಕಿಯಲ್ಲಿಟ್ಟಿದ್ದೇನೆ. ಮಳೆಯ ರಾತ್ರಿಯ ಬಾಟಲಿಯ ತಳದಲ್ಲಿ ಕೂದಲೆಳೆಯಷ್ಟು ಮಣ್ಣು ಕೂತಿದೆ. ಎರಡನೆಯದು ತಿಳಿ. ಫೋಟೋ ತೆಗೆದು ಇಂಜಿನಿಯರ್‌ಗೆ ಕಳಿಸಿದೆ, ಸರ್‌ಗೂ ಕಳಿಸಿದೆ. ಒಸರಿನ ಜಾಗಕ್ಕೆ ಹಾಕಲು ಒಂದು ಟ್ರಾಕ್ಟರ್ ಮರಳು, ಒಂದು ಟ್ರಾಕ್ಟರ್ ಜಲ್ಲಿ ನಾಳೆ ಬರುತ್ತದೆ.